ಕೋರ್ಸ್ ಪುಟದಲ್ಲಿ ಬರೀ ಬಿಳಿ ಡಬ್ಬಿ ಬಂದರೆ: ಬ್ರೌಸರ್ ತಡೆದದ್ದನ್ನು ಸರಿಪಡಿಸುವ ದಾರಿ

"ಸರ, ವಿಡಿಯೊ ಬರವಲ್ದ್ರಿ. ಬರೇ ಬಿಳಿ ಡಬ್ಬಿ ಕಾಣಸ್ತದ." ಕಲಬುರಗಿ ಕಡೆ ಕಾಲೇಜುಗಳಲ್ಲಿ ಆನ್‌ಲೈನ್ ಕೋರ್ಸ್ ನಡೆಸುವವರಿಗೆ ಈ ಮಾತು ಹೊಸದಲ್ಲ. ಲೆಕ್ಚರರ್ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಸರಿಯಾಗಿ ಓಡುತ್ತದೆ. ಆಳಂದದಲ್ಲೋ ಸೇಡಂನಲ್ಲೋ ಕೂತ ವಿದ್ಯಾರ್ಥಿಯ ಫೋನಿನಲ್ಲಿ ಓಡುವುದಿಲ್ಲ. ಎಲ್ಲರೂ ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಎಷ್ಟೋ ಸಲ ನೆಟ್‌ವರ್ಕ್ ಚೆನ್ನಾಗೇ ಇರುತ್ತದೆ. ಬ್ರೌಸರ್ ಬೇಕಂತಲೇ ಆ ವಿಡಿಯೊವನ್ನು ತಡೆದಿರುತ್ತದೆ.

ಇದನ್ನು ಸರಿಮಾಡಲು ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಹೆಚ್ಚಿನ ಪುಟಗಳು ಒಂದೊಂದು ಲಿಂಕ್ ತಿದ್ದಿದರೆ ಸರಿಹೋಗುತ್ತವೆ. ಯಾವ ಲಿಂಕ್, ಹೇಗೆ ತಿದ್ದಬೇಕು ಅನ್ನುವುದಷ್ಟೇ ಗೊತ್ತಿದ್ದರೆ ಸಾಕು.

ಬ್ರೌಸರ್ ಯಾಕೆ ತಡೆಯುತ್ತದೆ?

ವಿಳಾಸದ ಶುರುವಿನಲ್ಲಿ ಎಚ್‌ಟಿಟಿಪಿಎಸ್ ಅಂತ ಇದ್ದರೆ ನಿಮ್ಮ ಬ್ರೌಸರ್‌ಗೂ ಸರ್ವರ್‌ಗೂ ನಡುವೆ ಹೋಗಿಬರುವುದೆಲ್ಲ ಬೇರೆಯವರಿಗೆ ಓದಲಾಗದ ರೂಪದಲ್ಲಿರುತ್ತದೆ. ನಡುದಾರಿಯಲ್ಲಿ ಯಾರಾದರೂ ತಿದ್ದಿದರೆ ಬ್ರೌಸರ್‌ಗೆ ಗೊತ್ತಾಗುತ್ತದೆ. ಕೊನೆಯ ಎಸ್ ಇಲ್ಲದ ಹಳೇ ಎಚ್‌ಟಿಟಿಪಿಯಲ್ಲಿ ಈ ಕಾವಲು ಇಲ್ಲ. ನಿಮ್ಮ ಕೋರ್ಸ್ ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದು, ಅದರೊಳಗಿನ ಒಂದು ಚಿತ್ರವೋ ವಿಡಿಯೊವೋ ಸ್ಕ್ರಿಪ್ಟೋ (ಪುಟದೊಳಗೆ ಓಡುವ ಸಣ್ಣ ಪ್ರೋಗ್ರಾಂ) ಬರೀ ಎಚ್‌ಟಿಟಿಪಿಯಿಂದ ಬರುತ್ತಿದ್ದರೆ ಅದನ್ನು ಮಿಕ್ಸ್‌ಡ್ ಕಂಟೆಂಟ್ ಅಂತಾರೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಎಲ್ಲದರ ಅಪಾಯವೂ ಒಂದೇ ಅಲ್ಲ. ಸ್ಕ್ರಿಪ್ಟ್, ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು), ಸ್ಟೈಲ್‌ಶೀಟ್ (ಪುಟದ ಬಣ್ಣ, ಅಂದ ಹೇಳುವ ಫೈಲ್), ಫಾಂಟ್ ಇವು ಒಂದು ಗುಂಪು. ಸ್ಕ್ರಿಪ್ಟ್ ದಾರಿಯಲ್ಲಿ ಬದಲಾದರೆ ಅದು ಇಡೀ ಪುಟವನ್ನೇ ತನ್ನ ಕೈಗೆ ತೆಗೆದುಕೊಳ್ಳಬಹುದು. ವಿದ್ಯಾರ್ಥಿ ಟೈಪ್ ಮಾಡುವ ಪಾಸ್‌ವರ್ಡ್ ಓದಬಹುದು, ಕ್ವಿಜ್ ಉತ್ತರ ಬದಲಿಸಬಹುದು. ಅದಕ್ಕೇ ಫೈರ್‌ಫಾಕ್ಸ್ 2013ರ ಆಗಸ್ಟ್‌ನಲ್ಲಿ ಬಂದ 23ನೇ ಆವೃತ್ತಿಯಿಂದ ಈ ಗುಂಪನ್ನು ತಾನಾಗಿಯೇ ತಡೆಯತೊಡಗಿತು. ಈಗ ಎಲ್ಲ ದೊಡ್ಡ ಬ್ರೌಸರ್‌ಗಳೂ ತಡೆಯುತ್ತವೆ.

ಚಿತ್ರ, ಆಡಿಯೊ, ವಿಡಿಯೊ ಇನ್ನೊಂದು ಗುಂಪು. ಇವಕ್ಕೆ ತುಂಬಾ ವರ್ಷ ರಿಯಾಯಿತಿ ಇತ್ತು. ಎಚ್ಚರಿಕೆ ಕೊಟ್ಟು ತೋರಿಸಿಬಿಡುತ್ತಿದ್ದವು. 2019ರ ಕೊನೆಯಿಂದ ಕ್ರೋಮ್ ಇದನ್ನೂ ಹಂತಹಂತವಾಗಿ ಬಿಗಿ ಮಾಡಿತು. ಈಗ ಅಂಥ ಲಿಂಕ್ ಕಂಡರೆ ತಾನೇ ಎಸ್ ಸೇರಿಸಿ ಕೇಳುತ್ತದೆ. ಆ ಸರ್ವರ್‌ನಲ್ಲಿ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಚಿತ್ರ ಬರುವುದೇ ಇಲ್ಲ. 2024ರಲ್ಲಿ ಬಂದ 127ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ಕೂಡ ಇದೇ ದಾರಿ ಹಿಡಿದಿದೆ. ಹಾಗಾಗಿ ಹತ್ತು ವರ್ಷದ ಹಿಂದೆ ಮಾಡಿದ ಪಾಠದ ಪುಟವನ್ನು ಯಾರೂ ಮುಟ್ಟದಿದ್ದರೂ ಅದು ಇವತ್ತು ಒಡೆದು ಕಾಣಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕ್ರೋಮ್‌ನಲ್ಲಿ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ "ಇನ್‌ಸೆಕ್ಯೂರ್ ಕಂಟೆಂಟ್" ಅನ್ನುವುದನ್ನು "ಅಲೋ" ಮಾಡಿದರೆ ತಡೆದದ್ದು ಕಾಣುತ್ತದೆ. ಹಲವು ಕಡೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಇದನ್ನೇ ಪರಿಹಾರ ಅಂತ ಕಳಿಸುತ್ತಾರೆ. ದಯವಿಟ್ಟು ಕಳಿಸಬೇಡಿ. ಆ ಸೆಟ್ಟಿಂಗ್ ಒಂದು ವಿಡಿಯೊಗೆ ಮಾತ್ರ ಅಲ್ಲ, ಆ ಇಡೀ ಸೈಟಿಗೆ ಅನ್ವಯಿಸುತ್ತದೆ. ಹುಡುಗರು ಅದೇ ಸೈಟಿನಲ್ಲಿ ಲಾಗಿನ್ ಆಗುತ್ತಾರೆ, ಅಸೈನ್‌ಮೆಂಟ್ ಹಾಕುತ್ತಾರೆ, ಅಂಕ ನೋಡುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ವೈಫೈ ಹಿಡಿದು ಅವರು ಪುಟ ತೆರೆದಾಗ ಆ ಬಾಗಿಲು ತೆರೆದೇ ಇರುತ್ತದೆ. ಪುಟ ಮಾಡಿದವರು ಒಂದು ಲಿಂಕ್ ತಿದ್ದಿದರೆ ಮುಗಿಯುವ ಕೆಲಸಕ್ಕೆ ನೂರಾರು ಹುಡುಗರು ತಮ್ಮ ಕಾವಲು ಇಳಿಸುವುದು ಯಾವ ನ್ಯಾಯ?

ಮೊದಲು, ತೊಂದರೆ ಇದೇನಾ ಅಂತ ನೋಡಿ

ಎಲ್ಲ ಖಾಲಿ ಡಬ್ಬಿಗೂ ಕಾರಣ ಇದೇ ಅಲ್ಲ. ಡಬ್ಬಿಯೊಳಗೆ ಬೇಸರದ ಮುಖದ ಗುರುತು ಬಂದು "ರಿಫ್ಯೂಸ್ಡ್ ಟು ಕನೆಕ್ಟ್" ಅಂತ ಕಂಡರೆ, ಆ ಸೈಟಿನವರು ತಮ್ಮ ಪುಟವನ್ನು ಬೇರೆಯವರ ಪುಟದೊಳಗೆ ತೋರಿಸಲು ಒಪ್ಪಿಗೆ ಕೊಟ್ಟಿಲ್ಲ ಅಂತಲೇ ಹೆಚ್ಚು. ಅಲ್ಲಿ ನೀವು ಎಷ್ಟು ಎಸ್ ಸೇರಿಸಿದರೂ ಉಪಯೋಗವಿಲ್ಲ. ಹೊಸ ಟ್ಯಾಬ್‌ನಲ್ಲಿ ತೆರೆಯುವ ಲಿಂಕ್ ಕೊಡಬೇಕು. "404" ಅಂತ ಬಂದರೆ ಫೈಲೇ ಅಲ್ಲಿಲ್ಲ.

ಖಚಿತ ಮಾಡಿಕೊಳ್ಳಲು ಕಂಪ್ಯೂಟರ್ ಬೇಕು. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಕೋರ್ಸ್ ಪುಟ ತೆರೆದು ಎಫ್12 ಒತ್ತಿ. ಪಕ್ಕದಲ್ಲೋ ಕೆಳಗೋ ಒಂದು ಪಟ್ಟಿ ತೆರೆಯುತ್ತದೆ. ಅದರ ಮೇಲ್ಗಡೆ "ಕನ್ಸೋಲ್" ಅಂತಿರುತ್ತದೆ, ಅದನ್ನು ಒತ್ತಿ. ಆಮೇಲೆ ಪುಟವನ್ನು ರಿಫ್ರೆಶ್ ಮಾಡಿ. ಇದನ್ನು ಮರೆಯಬೇಡಿ, ಕೆಲವು ಸಂದೇಶಗಳು ಪುಟ ಹೊಸದಾಗಿ ತೆರೆಯುವಾಗ ಮಾತ್ರ ಬರುತ್ತವೆ. "ಮಿಕ್ಸ್‌ಡ್ ಕಂಟೆಂಟ್" ಅಂತ ಶುರುವಾಗುವ ಸಾಲು ಕಂಡರೆ ನಾವು ಹುಡುಕುತ್ತಿದ್ದದ್ದು ಸಿಕ್ಕಿತು. ಕ್ರೋಮ್‌ನಲ್ಲಿ ಸಾಲು ಕೆಂಪಾಗಿದ್ದರೆ ತಡೆದಿದೆ. ಹಳದಿಯಾಗಿದ್ದರೆ ತಾನೇ ಎಸ್ ಸೇರಿಸಿ ನೋಡಿದೆ ಅಂತ ಅರ್ಥ. ಹಾಗೆ ನೋಡಿಯೂ ಸಿಗದಿದ್ದರೆ ಅದೇ ಫೈಲಿನ ಹೆಸರಿನಲ್ಲಿ ಮತ್ತೊಂದು ಕೆಂಪು ಸಾಲು ಇರುತ್ತದೆ.

ಆ ಸಾಲನ್ನು ಓದುವುದು ಹೇಗೆ?

ಸಾಲು ಇಂಗ್ಲಿಷಿನಲ್ಲಿ ಉದ್ದಕ್ಕಿರುವುದರಿಂದ ಎಷ್ಟೋ ಜನ ನೋಡಿದ ಕೂಡಲೇ ಮುಚ್ಚಿಬಿಡುತ್ತಾರೆ. ಅದರಲ್ಲಿ ನಿಮಗೆ ಬೇಕಾದದ್ದು ಎರಡೇ ವಿಳಾಸ. ಮೊದಲನೆಯದು ನಿಮ್ಮ ಪುಟದ್ದು, ಎಚ್‌ಟಿಟಿಪಿಎಸ್ ಇರುತ್ತದೆ. ಎರಡನೆಯದರಲ್ಲಿ ಎಸ್ ಇರುವುದಿಲ್ಲ. ತೊಂದರೆ ಕೊಡುತ್ತಿರುವುದು ಆ ಎರಡನೆಯದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇತಿಹಾಸದ ಕೋರ್ಸಿನಲ್ಲಿ ಸನ್ನತಿ ಹತ್ತಿರದ ಕನಗನಹಳ್ಳಿಯ ಪಾಠ ಇದೆ ಅಂದುಕೊಳ್ಳಿ. ಅಶೋಕನ ಶಿಲ್ಪ ಇರುವ, ಅವನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಕಲ್ಲಿನ ಚಿತ್ರ ಇಲ್ಲದೆ ಆ ಪಾಠ ನಡೆಯುವುದೇ ಇಲ್ಲ. ಪುಟದಲ್ಲಿ ಚಿತ್ರದ ಜಾಗಕ್ಕೆ ಹರಿದ ಕಾಗದದಂಥ ಗುರುತು ಬಂದಿದೆ. ಕನ್ಸೋಲ್‌ನಲ್ಲಿ ಎರಡನೇ ವಿಳಾಸವನ್ನು ಕಾಪಿ ಮಾಡಿ ಹೊಸ ಟ್ಯಾಬ್‌ನಲ್ಲಿ ಹಾಕಿ, ಎಚ್‌ಟಿಟಿಪಿ ಆದಮೇಲೆ ಒಂದು ಎಸ್ ಸೇರಿಸಿ ಎಂಟರ್ ಒತ್ತಿ. ಮೂರರಲ್ಲಿ ಒಂದು ಆಗುತ್ತದೆ.

ಚಿತ್ರ ತೆರೆದರೆ ಒಳ್ಳೇದಾಯ್ತು. ಆ ಸೈಟಿನಲ್ಲಿ ಎಚ್‌ಟಿಟಿಪಿಎಸ್ ಇದೆ, ನಿಮ್ಮ ಪುಟದಲ್ಲಿರುವುದು ಹಳೇ ಲಿಂಕ್ ಅಷ್ಟೆ. ತೆರೆದ ಮೇಲೂ ವಿಳಾಸದ ಪಟ್ಟಿಯಲ್ಲಿ ಒಂದು ಸಲ ಕಣ್ಣಾಡಿಸಿ. ಕೆಲವು ಸರ್ವರ್‌ಗಳು ಎಚ್‌ಟಿಟಿಪಿಎಸ್‌ನಲ್ಲಿ ಕೇಳಿದರೂ ತಿರುಗಿ ಎಚ್‌ಟಿಟಿಪಿಗೇ ಕಳಿಸುತ್ತವೆ. ಕ್ರೋಮ್ ಈ ಭಾಗವನ್ನು ಅಡಗಿಸಿ ತೋರಿಸುವುದರಿಂದ ವಿಳಾಸವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದರೆ ಪೂರ್ತಿ ಕಾಣುತ್ತದೆ.

ದೊಡ್ಡದಾಗಿ "ನಿಮ್ಮ ಕನೆಕ್ಷನ್ ಖಾಸಗಿಯಲ್ಲ" ಅನ್ನುವ ಎಚ್ಚರಿಕೆ ಬಂದರೆ ಅವರ ಸರ್ಟಿಫಿಕೇಟ್ (ಸೈಟ್ ಅದೇ ಹೆಸರಿನದು ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಪತ್ರ) ಸರಿಯಿಲ್ಲ, ಸಾಮಾನ್ಯವಾಗಿ ಅವಧಿ ಮುಗಿದಿರುತ್ತದೆ ಅಥವಾ ಬೇರೆ ಹೆಸರಿನದ್ದಿರುತ್ತದೆ. ಏನೂ ತೆರೆಯದಿದ್ದರೆ ಅಲ್ಲಿ ಎಚ್‌ಟಿಟಿಪಿಎಸ್ ಇಲ್ಲ. ಈ ಎರಡೂ ಸಂದರ್ಭದಲ್ಲಿ ಎಸ್ ಸೇರಿಸಿ ಸುಮ್ಮನಾದರೆ ಪುಟ ಹಾಗೇ ಒಡೆದಿರುತ್ತದೆ.

ಹಲವರು ಕೇಳುವ ಪ್ರಶ್ನೆ: "ಹಳೇ ಲಿಂಕ್ ಒತ್ತಿದರೂ ಆ ಸೈಟ್ ತಾನೇ ಎಚ್‌ಟಿಟಿಪಿಎಸ್‌ಗೆ ಕರೆದುಕೊಂಡು ಹೋಗುತ್ತದಲ್ಲ, ಆದರೂ ಯಾಕೆ ತಡೆಯುತ್ತದೆ?" ನೀವು ನೇರವಾಗಿ ಒತ್ತಿದಾಗ ಹೋಗುತ್ತದೆ, ನಿಜ. ಆದರೆ ಐಫ್ರೇಮ್ ಅಥವಾ ಸ್ಕ್ರಿಪ್ಟ್ ಆಗಿದ್ದಾಗ ಬ್ರೌಸರ್ ಬರೆದ ವಿಳಾಸವನ್ನೇ ಮೊದಲು ನೋಡುತ್ತದೆ. ಎಸ್ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸುತ್ತದೆ. ಆ ಸರ್ವರ್ ಎಲ್ಲಿಗೆ ಕಳಿಸುತ್ತಿತ್ತು ಅಂತ ಕೇಳಲು ಹೋಗುವುದೇ ಇಲ್ಲ.

ಈಗ ತಿದ್ದುವ ಕೆಲಸ

ಮೂಡಲ್‌ನಲ್ಲಿ (ಹಲವು ಕಾಲೇಜುಗಳು ಆನ್‌ಲೈನ್ ಕೋರ್ಸ್ ನಡೆಸಲು ಬಳಸುವ ಸಾಫ್ಟ್‌ವೇರ್) ಪುಟವನ್ನು ಎಡಿಟ್ ಮಾಡಲು ತೆರೆದು ಎಚ್‌ಟಿಎಂಎಲ್ ನೋಟಕ್ಕೆ ಹೋಗಿ. ಹೊಸ ಟೈನಿಎಂಸಿಇ ಎಡಿಟರ್ ಇದ್ದರೆ "ಟೂಲ್ಸ್" ಮೆನುವಿನಲ್ಲಿ "ಸೋರ್ಸ್ ಕೋಡ್" ಅಂತಿದೆ. ಹಳೇ ಅಟ್ಟೊ ಎಡಿಟರ್‌ನಲ್ಲಿ ಕೋನದ ಬ್ರಾಕೆಟ್ ಗುರುತಿನ ಗುಂಡಿ ಒತ್ತಬೇಕು. ಕೋಡ್ ಕಂಡು ಗಾಬರಿ ಬೇಡ. ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿಕೊಳ್ಳಿ. ಅಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ ಆ ತೊಂದರೆಯ ವಿಳಾಸ ಹುಡುಕಿ, ಎಸ್ ಸೇರಿಸಿ, ತಿರುಗಿ ಪೇಸ್ಟ್ ಮಾಡಿ ಸೇವ್ ಮಾಡಿ. ಕೆಟ್ಟರೂ ಹಳೇ ಕಾಪಿ ಇರಲಿ ಅಂತ, ತಿದ್ದುವ ಮುಂಚೆಯೇ ಅದನ್ನು ಬೇರೆ ಫೈಲಾಗಿ ಉಳಿಸಿಕೊಂಡಿರಿ.

ಈ ಹಳೇ ಲಿಂಕ್‌ಗಳು ಬರುವುದು ಎಲ್ಲಿಂದ? ಹೆಚ್ಚಿನವು ಕಾಪಿ ಪೇಸ್ಟ್‌ನಿಂದ. ಬೇರೆ ಸೈಟಿನಿಂದ ಒಂದು ಪ್ಯಾರಾವನ್ನು ಚಿತ್ರದ ಸಮೇತ ಎತ್ತಿ ನಿಮ್ಮ ಎಡಿಟರ್‌ಗೆ ಹಾಕಿದಾಗ ಚಿತ್ರ ಹಲವು ಸಲ ನಿಮ್ಮ ಸರ್ವರ್‌ಗೆ ಬರುವುದೇ ಇಲ್ಲ. ಅದರ ವಿಳಾಸ ಮಾತ್ರ ಬರುತ್ತದೆ. ಆ ಸೈಟ್ ಮುಚ್ಚಿದ ದಿನ ನಿಮ್ಮ ಪಾಠದ ಚಿತ್ರವೂ ಹೋಗುತ್ತದೆ.

ಅದಕ್ಕೇ ಚಿತ್ರಗಳ ವಿಷಯದಲ್ಲಿ ಎಸ್ ಸೇರಿಸುವುದಕ್ಕಿಂತ ಚಿತ್ರವನ್ನೇ ಕೋರ್ಸಿಗೆ ಅಪ್‌ಲೋಡ್ ಮಾಡುವುದು ನನಗೆ ಜಾಸ್ತಿ ಸರಿ ಅನ್ನಿಸುತ್ತದೆ. ಬಳಸಲು ಅನುಮತಿ ಇದೆಯಾ ನೋಡಿಕೊಳ್ಳಿ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಕೆಳಗೆ ಲೈಸೆನ್ಸ್ ಬರೆದಿರುತ್ತದೆ, ಕೇಳಿದ ಕಡೆ ತೆಗೆದವರ ಹೆಸರು ಹಾಕಬೇಕು. ಅಪ್‌ಲೋಡ್ ಮಾಡುವ ಮುಂಚೆ ಚಿತ್ರದ ಸೈಜ್ ಇಳಿಸಿ. ಊರಿನಲ್ಲಿ ಡೇಟಾ ಉಳಿಸಿ ಓದುವ ಹುಡುಗರಿಗೆ ಐದು ಎಂಬಿ ಚಿತ್ರ ಬೇಡ, ಅಲ್ವಾ?

ಯೂಟ್ಯೂಬ್ ವಿಡಿಯೊ ಆದರೆ ಹಳೇ ಕೋಡ್ ತಿದ್ದುತ್ತಾ ಕೂರಬೇಡಿ. ವಿಡಿಯೊದ ಕೆಳಗೆ "ಶೇರ್", ಆಮೇಲೆ "ಎಂಬೆಡ್" ಒತ್ತಿ ಹೊಸ ಕೋಡ್ ತೆಗೆದುಕೊಂಡು ಹಳೆಯದನ್ನು ಅಳಿಸಿ ಹಾಕಿ. ಹತ್ತು ವರ್ಷ ಹಿಂದಿನ ಕೋಡ್ ಫ್ಲ್ಯಾಶ್ ಪ್ಲೇಯರ್ ನಂಬಿದ್ದರೆ ಅದು ಹೇಗೂ ಓಡುವುದಿಲ್ಲ. 2020ರ ಕೊನೆಗೆ ಫ್ಲ್ಯಾಶ್ ನಿಂತೇ ಹೋಯಿತು.

ಎಚ್‌ಟಿಟಿಪಿಎಸ್ ಇಲ್ಲದ ಸೈಟನ್ನೇ ತೋರಿಸಬೇಕಾಗಿ ಬಂದರೆ, ಅದನ್ನು ಪುಟದೊಳಗೆ ಕೂರಿಸಬೇಡಿ. ಮೂಡಲ್‌ನ ಯುಆರ್‌ಎಲ್ ಸಂಪನ್ಮೂಲದಲ್ಲಿ "ಅಪಿಯರೆನ್ಸ್" ಕೆಳಗೆ "ಡಿಸ್‌ಪ್ಲೇ" ಅಂತಿದೆ. ಅಲ್ಲಿ "ಎಂಬೆಡ್" ಇದ್ದರೆ "ನ್ಯೂ ವಿಂಡೋ" ಮಾಡಿ. ಆಡಳಿತಗಾರರು ಆ ಆಯ್ಕೆ ತೆರೆದಿಟ್ಟಿಲ್ಲದಿದ್ದರೆ "ಓಪನ್" ಸಾಕು. ಒತ್ತಿ ಹೋಗುವ ಲಿಂಕ್ ಮಿಕ್ಸ್‌ಡ್ ಕಂಟೆಂಟ್ ಅಲ್ಲ, ಬ್ರೌಸರ್ ಅದನ್ನು ಹೀಗೆ ತಡೆಯುವುದಿಲ್ಲ. ಆದರೆ ಡೌನ್‌ಲೋಡ್ ಆಗುವ ಫೈಲ್ ಬೇರೆ ಮಾತು. ಎಚ್‌ಟಿಟಿಪಿಎಸ್ ಪುಟದಿಂದ ಎಚ್‌ಟಿಟಿಪಿ ಲಿಂಕ್ ಒತ್ತಿ ಜಿಪ್ ಅಥವಾ ಪಿಪಿಟಿ ಇಳಿಸಲು ಹೋದರೆ ಕ್ರೋಮ್ ಅದನ್ನೂ ನಿಲ್ಲಿಸುತ್ತದೆ. ಅಂಥ ಫೈಲುಗಳನ್ನು ನಿಮ್ಮ ಕೋರ್ಸಿಗೇ ಅಪ್‌ಲೋಡ್ ಮಾಡಿ.

ಕ್ಯಾಂಪಸ್ಸಿನೊಳಗಿನ ಲೈಬ್ರರಿ ಸರ್ವರ್ 192.168 ಅಂತ ಶುರುವಾಗುವ ವಿಳಾಸದಲ್ಲಿದ್ದರೂ ಇದೇ ದಾರಿ. ಅಂಥ ಒಳಗಿನ ವಿಳಾಸಕ್ಕೆ ಹೊರಗಿನ ಸಂಸ್ಥೆಗಳು ಸರ್ಟಿಫಿಕೇಟ್ ಕೊಡುವುದಿಲ್ಲ. ಜೊತೆಗೆ ಲಿಂಕ್ ಪಕ್ಕದಲ್ಲೇ "ಕ್ಯಾಂಪಸ್ಸಿನಲ್ಲಿ ಮಾತ್ರ ತೆರೆಯುತ್ತದೆ" ಅಂತ ಬರೆಯಿರಿ. ಮನೆಯಿಂದ ಒತ್ತಿ ಒತ್ತಿ ಹುಡುಗರು ಸುಸ್ತಾಗುವುದು ತಪ್ಪುತ್ತದೆ.

ಪ್ಯಾಕೇಜ್ ಒಳಗೆ ಅಡಗಿದ ಲಿಂಕ್

ಎಲ್ಲಕ್ಕಿಂತ ಕಾಡುವುದು ಸ್ಕಾರ್ಮ್ ಪ್ಯಾಕೇಜ್‌ಗಳು, ಅಂದರೆ ಇಡೀ ಪಾಠವನ್ನು ಒಟ್ಟಿಗೆ ಕಟ್ಟಿ ಮೂಡಲ್‌ನಂಥ ಕಡೆ ಹಾಕುವ ಗಂಟುಗಳು. ಹೊರಗಿಂದ ನೋಡಿದರೆ ಒಂದೇ ಜಿಪ್ ಫೈಲ್. ಬೀದರ್‌ನ ಬಿದ್ರಿ ಕಲೆಯ ಬಗ್ಗೆ ಒಂದು ಪಾಠ ಹೀಗಿದೆ ಅನ್ನೋಣ. ಬೆಳ್ಳಿ ಕೂರಿಸುವ ಹಂತದವರೆಗೆ ಚಿತ್ರಗಳು ಬರುತ್ತವೆ. ಕೋಟೆಯ ಮಣ್ಣು ಹಚ್ಚಿ ಬಟ್ಟಲು ಕಪ್ಪಾಗುವುದನ್ನು ತೋರಿಸಲು "ಮುಂದೆ" ಒತ್ತಿದರೆ ಏನೂ ಆಗುವುದಿಲ್ಲ. ಗುಂಡಿ ಕೆಲಸ ಮಾಡಲು ಬೇಕಾದ ಜೆಕ್ವೆರಿ ಸ್ಕ್ರಿಪ್ಟ್ ಹೊರಗಿನ ಎಚ್‌ಟಿಟಿಪಿ ವಿಳಾಸದಿಂದ ಬರಬೇಕಿತ್ತು, ಬ್ರೌಸರ್ ತಡೆದಿದೆ.

ಜಿಪ್ ಬಿಚ್ಚಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ "ಫೈಂಡ್ ಇನ್ ಫೈಲ್ಸ್" ಬಳಸಿ ಇಡೀ ಫೋಲ್ಡರ್‌ನಲ್ಲಿ ಎಸ್ ಇಲ್ಲದ ವಿಳಾಸಗಳನ್ನು ಹುಡುಕಿ. ಸಿಕ್ಕಿದ್ದನ್ನೆಲ್ಲ ಒಂದೇ ಏಟಿಗೆ ಬದಲಿಸಬೇಡಿ. ಐಎಂಎಸ್‌ಮ್ಯಾನಿಫೆಸ್ಟ್ ಅನ್ನುವ ಎಕ್ಸ್‌ಎಂಎಲ್ ಫೈಲಿನ ಮೇಲ್ಭಾಗದಲ್ಲಿ "ಎಕ್ಸ್‌ಎಂಎಲ್‌ಎನ್‌ಎಸ್" ಪಕ್ಕ ಇರುವ ಎಚ್‌ಟಿಟಿಪಿ ವಿಳಾಸಗಳು ಲಿಂಕ್ ಅಲ್ಲ. ಅವು ಬರೀ ಗುರುತಿನ ಹೆಸರು. ಅಲ್ಲಿಂದ ಯಾರೂ ಏನನ್ನೂ ತರುವುದಿಲ್ಲ. ಅವಕ್ಕೆ ಎಸ್ ಸೇರಿಸಿದರೆ ಹೆಸರೇ ಬದಲಾಗಿ ಪ್ಯಾಕೇಜ್ ತೆರೆಯದೇ ಹೋಗಬಹುದು. ಒತ್ತಿ ಹೋಗುವ ಸಾಮಾನ್ಯ ಲಿಂಕ್‌ಗಳನ್ನೂ ಬಿಡಬಹುದು. ಸ್ಕ್ರಿಪ್ಟ್, ಐಫ್ರೇಮ್, ಸ್ಟೈಲ್‌ಶೀಟ್, ಚಿತ್ರ, ಆಡಿಯೊ, ವಿಡಿಯೊ ಕರೆಯುವ ಸಾಲುಗಳನ್ನು ಮಾತ್ರ ತಿದ್ದಿ. ಜೆಕ್ವೆರಿಯಂಥ ಫೈಲನ್ನು ಇಳಿಸಿ ಪ್ಯಾಕೇಜ್‌ನಲ್ಲೇ ಇಟ್ಟರೆ ಇನ್ನೂ ಒಳ್ಳೇದು.

ತಿರುಗಿ ಜಿಪ್ ಮಾಡುವಾಗ ಫೋಲ್ಡರ್ ಮೇಲೆ ಕ್ಲಿಕ್ ಮಾಡಿ ಜಿಪ್ ಮಾಡಬೇಡಿ. ಫೋಲ್ಡರ್ ಒಳಗೆ ಹೋಗಿ ಎಲ್ಲ ಫೈಲುಗಳನ್ನು ಆರಿಸಿ ಜಿಪ್ ಮಾಡಿ. ಮ್ಯಾನಿಫೆಸ್ಟ್ ಫೈಲ್ ಜಿಪ್ ತೆರೆದ ಕೂಡಲೇ ಮೊದಲ ಹಂತದಲ್ಲೇ ಇರಬೇಕು, ಇಲ್ಲದಿದ್ದರೆ ಮೂಡಲ್ ಒಪ್ಪುವುದಿಲ್ಲ.

ಕನ್ನಡ ಅಕ್ಷರ ಕೆಟ್ಟು ಕಂಡರೆ

ಇದು ನಮ್ಮ ಕನ್ನಡದಂಥ ಭಾಷೆಗಳ ಕೋರ್ಸುಗಳಲ್ಲಿ ಕಾಣುವ ತೊಂದರೆ, ಇಂಗ್ಲಿಷ್ ಸಹಾಯ ಪುಟಗಳಲ್ಲಿ ಸಿಗುವುದು ಕಡಿಮೆ. ಫಾಂಟ್ ಫೈಲ್ ಎಚ್‌ಟಿಟಿಪಿಯಿಂದ ಬರುತ್ತಿದ್ದರೆ ಬ್ರೌಸರ್ ಅದನ್ನೂ ತಡೆಯುತ್ತದೆ. ಪಾಠ ಯುನಿಕೋಡ್‌ನಲ್ಲಿದ್ದರೆ (ಫಾಂಟ್ ಬದಲಾದರೂ ಕನ್ನಡ ಅಕ್ಷರ ಕನ್ನಡವಾಗಿಯೇ ಉಳಿಯುವ ಪದ್ಧತಿ) ಅಂಥ ನಷ್ಟವಿಲ್ಲ. ಬೇರೆ ಫಾಂಟ್‌ನಲ್ಲಿ ಅಕ್ಷರ ಕಾಣುತ್ತದೆ, ಅಂದ ಸ್ವಲ್ಪ ಬದಲಾಗುತ್ತದೆ. ಆದರೆ ಹಳೇ ಕಾಲದ, ಯುನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ನೋಟ್ಸ್ ಇದ್ದರೆ ಕಥೆಯೇ ಬೇರೆ. ಫಾಂಟ್ ಬರದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯಾದಗಿರಿಯ ವಿದ್ಯಾರ್ಥಿ ಸುರಪುರದ ಇತಿಹಾಸ ಓದಲು ಪುಟ ತೆರೆದರೆ ಒಂದು ಪದವೂ ಅರ್ಥವಾಗುವುದಿಲ್ಲ.

ಇಲ್ಲಿ ಫಾಂಟ್ ಲಿಂಕ್‌ಗೆ ಎಸ್ ಸೇರಿಸುವುದು ತಾತ್ಕಾಲಿಕ ಪರಿಹಾರ. ನೋಟ್ಸನ್ನು ಕನ್ವರ್ಟರ್‌ನಿಂದ ಯುನಿಕೋಡ್‌ಗೆ ಬದಲಿಸಿಬಿಡಿ. ಆಮೇಲೆ ಒಂದು ಸಲ ಪೂರ್ತಿ ಓದಿ ನೋಡಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕನ್ವರ್ಟರ್ ಎಡವುವುದುಂಟು. ಕೆಲಸ ಜಾಸ್ತಿ, ಗೊತ್ತು. ಆದರೆ ಅದರಿಂದ ಆ ನೋಟ್ಸ್ ಫೋನಿನಲ್ಲಿ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ, ಕಣ್ಣು ಕಾಣದ ವಿದ್ಯಾರ್ಥಿಗೆ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ.

ಇಡೀ ಸೈಟ್ ಸರಿಮಾಡುವವರಿಗೆ

ಅಡ್ಮಿನ್ ಹಕ್ಕು ಇರುವವರು ಪುಟ ಪುಟ ತಿದ್ದುತ್ತಾ ಕೂರಬೇಕಿಲ್ಲ. ಸರ್ಟಿಫಿಕೇಟ್‌ಗೆ ದುಡ್ಡಿಲ್ಲ ಅನ್ನುವ ಕಾರಣ ಈಗ ಉಳಿದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಅದರ ಅವಧಿ ಸಾಮಾನ್ಯವಾಗಿ 90 ದಿನ ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಸರ್ಟ್‌ಬಾಟ್‌ನಂಥ ಸಾಧನದಿಂದ ತಾನಾಗಿಯೇ ನವೀಕರಣ ಆಗುವ ಹಾಗೆ ಮಾಡಿಡಿ. ಮನುಷ್ಯರು ನೆನಪಿಟ್ಟು ಮಾಡುವ ಕೆಲಸವಲ್ಲ ಅದು.

ಆಮೇಲೆ ಮೂಡಲ್‌ನ ಕಾನ್ಫಿಗ್ ಫೈಲಿನಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂರೂಟ್ ಸಾಲಿನ ವಿಳಾಸವನ್ನು ಎಚ್‌ಟಿಟಿಪಿಎಸ್ ಮಾಡಿ. ಮೂಡಲ್ 3.4ರಿಂದ ಎಚ್‌ಟಿಟಿಪಿಎಸ್ ಪರಿವರ್ತನೆ ಸಾಧನ ಅದರಲ್ಲೇ ಇದೆ, ಸೈಟ್ ಅಡ್ಮಿನಿಸ್ಟ್ರೇಶನ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಅದು ಡೇಟಾಬೇಸ್ ಜಾಲಾಡಿ, ಪುಟದೊಳಗೆ ಕೂರಿಸಿದ ಎಚ್‌ಟಿಟಿಪಿ ಲಿಂಕ್‌ಗಳಲ್ಲಿ ಯಾವ ಸೈಟಿಗೆ ಎಚ್‌ಟಿಟಿಪಿಎಸ್ ಸಿಗುವುದಿಲ್ಲ ಅಂತ ಮೊದಲು ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ಆಯಾ ಲೆಕ್ಚರರ್‌ಗಳಿಗೆ ಕಳಿಸಿ, ಅವರು ನೋಡಿದ ಮೇಲೆ ಬದಲಾವಣೆ ಮಾಡಿ. ಡೇಟಾಬೇಸ್ ಬ್ಯಾಕಪ್ ತೆಗೆಯದೆ ಆ ಗುಂಡಿ ಮುಟ್ಟಲೇಬೇಡಿ, ಆ ಬದಲಾವಣೆ ಹಿಂದೆ ತಿರುಗುವುದಿಲ್ಲ. ವರ್ಡ್‌ಪ್ರೆಸ್ ಮೇಲೆ ಕೋರ್ಸ್ ನಡೆಸುವವರಿಗೆ 2021ರ 5.7 ಆವೃತ್ತಿಯಿಂದ ಸೈಟ್ ಹೆಲ್ತ್ ಪುಟದಲ್ಲೇ ಎಚ್‌ಟಿಟಿಪಿಎಸ್‌ಗೆ ಬದಲಾಗುವ ಗುಂಡಿ ಇದೆ.

ಸರ್ವರ್ ಪುಟದ ಜೊತೆ ಬ್ರೌಸರ್‌ಗೆ ಕಳಿಸುವ "ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ" ಹೆಡರ್‌ನಲ್ಲಿ "ಅಪ್‌ಗ್ರೇಡ್ ಇನ್‌ಸೆಕ್ಯೂರ್ ರಿಕ್ವೆಸ್ಟ್ಸ್" ಅನ್ನುವ ಒಂದು ಸೂಚನೆ ಸೇರಿಸಿದರೆ ಬ್ರೌಸರ್ ಪುಟದೊಳಗಿನ ಎಲ್ಲ ಎಚ್‌ಟಿಟಿಪಿ ಕೋರಿಕೆಗೂ ತಾನೇ ಎಸ್ ಸೇರಿಸುತ್ತದೆ. ಹಳೇ ಪುಟಗಳು ರಾಶಿ ಇರುವ ಕಡೆ ಇದು ದೊಡ್ಡ ಉಪಕಾರ. ಆದರೆ ಆಚೆ ಕಡೆ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಹಳೇ ದಾರಿಗೆ ವಾಪಸ್ ಹೋಗುವುದಿಲ್ಲ, ಅಲ್ಲಿ ಖಾಲಿಯೇ ಉಳಿಯುತ್ತದೆ. ಹಾಗಾಗಿ ಲಿಂಕ್ ತಿದ್ದುವುದನ್ನು ಬಿಟ್ಟು ಇದನ್ನೊಂದೇ ನೆಚ್ಚಿಕೊಳ್ಳಬಾರದು.

ತಿದ್ದಿದ ಮೇಲೆ ನೋಡುವುದು

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಂಡರೆ ಸಾಲದು. ನೀವು ಎಂದೋ ಆ ಸೈಟಿಗೆ "ಅಲೋ" ಕೊಟ್ಟಿದ್ದರೆ ನಿಮಗೆ ಎಲ್ಲ ಕಾಣುತ್ತದೆ, ವಿದ್ಯಾರ್ಥಿಗೆ ಕಾಣುವುದಿಲ್ಲ. "ನನಗ ಕಾಣಸ್ತದಲ್ಲ" ಅನ್ನುವ ವಾದ ಹುಟ್ಟುವುದು ಇಲ್ಲಿಂದಲೇ. ಮೊದಲು ಆ ಅನುಮತಿಯನ್ನು "ಬ್ಲಾಕ್" ಅಂತ ಬದಲಿಸಿ. ಆಮೇಲೆ ಕ್ರೋಮ್‌ನ ಪ್ರೊಫೈಲ್ ಗುರುತು ಒತ್ತಿ ಗೆಸ್ಟ್ ವಿಂಡೋ ತೆರೆದು ನೋಡಿ. ಒಂದು ಹೊಸ ಫೋನ್, ಒಂದು ಹಳೇ ಫೋನ್, ಎರಡರಲ್ಲೂ ಮೊಬೈಲ್ ಡೇಟಾ ಹಾಕಿ ನೋಡಿ. ಕಾಲೇಜು ವೈಫೈ ಬೇರೆ ಕಾರಣಕ್ಕೆ ಏನಾದರೂ ತಡೆಯುತ್ತಿದ್ದರೆ ಆಗಲೇ ಬೇರೆಯಾಗಿ ಗೊತ್ತಾಗುತ್ತದೆ. ಮೂಡಲ್ ಆ್ಯಪ್‌ನಲ್ಲೂ ಒಂದು ಸಲ ತೆರೆಯಿರಿ.

ನಿಮಗೆ ಎಡಿಟ್ ಹಕ್ಕಿಲ್ಲದ ಪುಟವಾದರೆ ಅಡ್ಮಿನ್‌ಗೆ "ವಿಡಿಯೊ ಬರ್ತಿಲ್ಲ" ಅಂತಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

"ಸರ್, ಎರಡನೇ ಸೆಮಿಸ್ಟರ್ ಇತಿಹಾಸ ಕೋರ್ಸಿನ ಮೂರನೇ ಘಟಕದ ಪುಟದಲ್ಲಿ ಒಂದು ಚಿತ್ರ ಬರುತ್ತಿಲ್ಲ. ಕ್ರೋಮ್ ಕನ್ಸೋಲ್‌ನಲ್ಲಿ ಮಿಕ್ಸ್‌ಡ್ ಕಂಟೆಂಟ್ ಅಂತ ತೋರಿಸುತ್ತಿದೆ. ಪುಟದ ವಿಳಾಸ ಮತ್ತು ಬರದೇ ಇರುವ ಚಿತ್ರದ ವಿಳಾಸ ಎರಡನ್ನೂ ಕೆಳಗೆ ಹಾಕಿದ್ದೇನೆ. ಎಸ್ ಸೇರಿಸಿ ನೋಡಿದೆ, ಆ ಸೈಟಿನಲ್ಲಿ ಎಚ್‌ಟಿಟಿಪಿಎಸ್ ಇಲ್ಲ. ಚಿತ್ರವನ್ನು ನಮ್ಮ ಕೋರ್ಸಿಗೇ ಅಪ್‌ಲೋಡ್ ಮಾಡಬೇಕಾಗುತ್ತದೆ. ಕನ್ಸೋಲ್‌ನ ಸ್ಕ್ರೀನ್‌ಶಾಟ್ ಜೊತೆಗಿದೆ."